ಸಮ್ ಮೇಲೊಂದು ಖಟಕ್

ಹೋದ ವಾರ ಮೊಮ್ಮಗಳ ತಬಲಾಕ್ಕೆ ಹೊಸ ಚರ್ಮ ಹಾಕಿಸಲು ಗುಲಮಂಡಿಯ ಹಿಂದಿನ ಓಣಿಗೆ ಹೋಗಿದ್ದೆ. ಜಿಟಿಜಿಟಿ ಮಳೆ. ಅಂಗಡಿಯವನು "ಬಸಾ ಆಜೀ" ಎಂದು ಒಂದು ಸ್ಟೂಲು ಸರಿಸಿ ತನ್ನ ಕೆಲಸಕ್ಕೆ ತಿರುಗಿದ. ನೆನೆದ ಚರ್ಮ, ಅದರ ನಡುವೆ ಮೆತ್ತುವ ಕರಿ ಶಾಯಿ, ಮೂಲೆಯಲ್ಲಿ ಇದ್ದಿಲಿನ ಕಾವು, ಮೂರೂ ಸೇರಿದ ವಾಸನೆ ಮೂಗಿಗೆ ಬಡಿಯಿತು ನೋಡಿ, ನನ್ನ ಬಲಗೈಯ ತೋರುಬೆರಳು ತಾನಾಗಿಯೇ ಮಡಚಿಕೊಂಡಿತು. ಎದೆ ಡವಡವ ಎನ್ನತೊಡಗಿತು. ಈ ವಯಸ್ಸಿನಲ್ಲಿ ಎದೆ ಹಾಗೆ ಹೊಡೆದುಕೊಂಡರೆ ಮನೆಯವರು ಡಾಕ್ಟರ ಹತ್ತಿರ ಓಡುತ್ತಾರೆ. ಆದರೆ ಅದು ರೋಗವಲ್ಲ, ಸಾವಿರದ ಒಂಬೈನೂರ ಅರವತ್ತೊಂಬತ್ತರ ಶ್ರಾವಣ ಎಂದು ನನಗೆ ಗೊತ್ತಿತ್ತು.

ಆಗ ಈ ಊರು ಔರಂಗಾಬಾದ್. ಈಗ ಛತ್ರಪತಿ ಸಂಭಾಜಿನಗರ. ನನ್ನ ನಾಲಿಗೆ ಇನ್ನೂ ಎರಡರ ನಡುವೆ ಎಡವುತ್ತದೆ. ನಾವು ಬೀದರ ಜಿಲ್ಲೆಯ ಭಾಲ್ಕಿ ಕಡೆಯವರು. ನನ್ನ ಗಂಡ ಶರಣಪ್ಪ ಚಿಕಲಠಾಣಾದ ಕಾರ್ಖಾನೆಯೊಂದರ ಸ್ಟೋರಿನಲ್ಲಿ ಕೆಲಸಕ್ಕಿದ್ದರು. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಿದವಳಲ್ಲ ನಾನು. ಒಮ್ಮೆ ಬರೆದದ್ದಾಯಿತು, ಇನ್ನು 'ನಮ್ಮವರು' ಎಂದೇ ಬರೆಯುತ್ತೇನೆ. ಹಗಲೆಲ್ಲ ನಟ್ಟು-ಬೋಲ್ಟು ಮುಟ್ಟಿದ ಅವರ ಬೆರಳು ಸಂಜೆಗೆ ತಬಲಾದ ಮೇಲೆ ಆಡುತ್ತಿದ್ದವು. ಊರಿಗೆ ಸಣ್ಣಪುಟ್ಟ ಗಾಯಕರು ಬಂದರೆ ಸಾಥಿಗೆ ಇವರನ್ನೇ ಕರೆಯುತ್ತಿದ್ದರು.

ನನ್ನ ಹುಚ್ಚು ಬೇರೆ. ವೇರೂಳಿನಲ್ಲಿ, ಅಂದರೆ ನೀವೆಲ್ಲ ಹೇಳುವ ಎಲ್ಲೋರಾದಲ್ಲಿ, ಗುಹೆಗಳ ದಾರಿಗೆ ಚಹಾದಂಗಡಿ ಇಟ್ಟಿದ್ದ ನನ್ನ ಅಣ್ಣನಿಗೆ ಜರ್ಮನಿಯ ಪ್ರವಾಸಿಯೊಬ್ಬ ಊರಿಗೆ ಮರಳುವಾಗ ತನ್ನ ಹಳೆಯ ಕ್ಯಾಮೆರಾ ಕೊಟ್ಟುಹೋಗಿದ್ದ. ಅಣ್ಣ ಅದನ್ನು ನನ್ನ ಮದುವೆಗೆ ಉಡುಗೊರೆ ಮಾಡಿದ. "ಮಂದಿ ಬೆಳ್ಳಿ ಚೊಂಬು ಕೊಡ್ತಾರ, ಈ ಡಬ್ಬಿ ಯಾಕ?" ಎಂದು ಅತ್ತೆಯವರು ಮೂಗು ಮುರಿದಿದ್ದರು. ಅದೊಂದು ವಿಚಿತ್ರ ಯಂತ್ರ. ಒಳಗೊಂದು ಕನ್ನಡಿ. ಕಿಂಡಿಗೆ ಕಣ್ಣಿಟ್ಟರೆ ಎಲ್ಲವೂ ಚೊಕ್ಕಾಗಿ ಕಾಣುತ್ತದೆ. ಗುಂಡಿ ಒತ್ತಿದೊಡನೆ ಕನ್ನಡಿ ಮೇಲಕ್ಕೆ ಜಿಗಿದು 'ಖಟಕ್' ಎನ್ನುತ್ತದೆ, ಕಿಂಡಿ ಕತ್ತಲಾಗುತ್ತದೆ. ಮುಂದಿನ ಚಿತ್ರಕ್ಕೆ ರೀಲು ತಿರುಗಿಸುವ ತನಕ ಆ ಕತ್ತಲು ಹೋಗುವುದಿಲ್ಲ. ಅಂದರೆ ಚಿತ್ರದಲ್ಲಿ ಸಿಕ್ಕ ಕ್ಷಣವನ್ನು ತೆಗೆದವಳೇ ನೋಡಿರುವುದಿಲ್ಲ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ವೇರೂಳಿನ ಅರೆಗತ್ತಲೆಯಲ್ಲಿ ಕಲ್ಲಿನ ನರ್ತಕಿಯರ ಮೇಲೆ ಕೈ ಪಳಗಿಸಿದೆ. ಉಸಿರು ಕಟ್ಟುವುದು, ಮೊಣಕೈಯನ್ನು ಪಕ್ಕೆಗೆ ಒತ್ತುವುದು, ಗುಂಡಿಯನ್ನು ನಿಧಾನ ಅದುಮುವುದು. ಆದರೆ ಕಲ್ಲು ಅಲ್ಲಾಡುವುದಿಲ್ಲ, ಹಾಡುವ ಮನುಷ್ಯ ಅಲ್ಲಾಡುತ್ತಾನೆ. ಗಣಪತಿ ಹಬ್ಬದ ಕಚೇರಿ, ನಾಟಕ, ಕೀರ್ತನೆಗಳಲ್ಲಿ ತೆಗೆದ ನನ್ನ ಮೊದಮೊದಲ ಚಿತ್ರಗಳಲ್ಲಿ ಇದ್ದವರೆಲ್ಲ ದೆವ್ವಗಳು. ಫ್ಲ್ಯಾಶ್ ಹಾಕಿದರೆ ಕಲಾವಿದರಿಂದ ಬೈಗುಳ, ಹಾಕದಿದ್ದರೆ ದೆವ್ವ. ದಾರಿ ತೋರಿಸಿದವರು ನಮ್ಮವರೇ.

"ಸಮ್ ಮ್ಯಾಲ ಹೊಡಿ," ಎಂದರು. "ಅಲ್ಲಿ ಹಾಡವರು ಒಂದು ಗಳಿಗಿ ನಿಲ್ತಾರ. ಮಂದಿ 'ವಾಹ್' ಅಂತಾರ. ನಿನ್ನ ಖಟಕ್ ಅದರಾಗ ಮುಳುಗಿಹೋಗ್ತದ."

ತಾಳದ ಸುತ್ತು ಎಲ್ಲಿ ಶುರುವಾಗುತ್ತದೋ ಆ ಮೊದಲ ಪೆಟ್ಟೇ ಸಮ್. ಹಾಡುವವರು ಎಲ್ಲೆಲ್ಲಿ ಅಲೆದರೂ ಕೊನೆಗೆ ಅಲ್ಲಿಗೆ ಬಂದು ಇಳಿಯಬೇಕು. ಅಂದಿನಿಂದ ನಾನು ಕಿಂಡಿಯಲ್ಲಿ ಮುಖ ನೋಡುತ್ತಾ ಒಳಗೊಳಗೇ ತಾಳದ ಮಾತ್ರೆಗಳನ್ನು ಒಂದು, ಎರಡು, ಮೂರು ಎಂದು ಎಣಿಸುವವಳಾದೆ. ಚಿತ್ರಗಳಿಂದ ದೆವ್ವಗಳು ಓಡಿಹೋದವು.

ಇಷ್ಟೆಲ್ಲ ಚೆನ್ನಾಗಿ ನಡೆದಿರುವಾಗ ಬಾಯಿಯವರು ಔರಂಗಾಬಾದಿಗೆ ಹಾಡಲು ಬಂದರು. ಎಲ್ಲರೂ ಅವರನ್ನು ಬಾಯಿಯವರು ಎಂದೇ ಕರೆಯುತ್ತಿದ್ದದ್ದು, ಹೆಸರು ಬರೆಯುವುದಿಲ್ಲ. ಶಿಷ್ಯರ ಶಿಷ್ಯರು ಇನ್ನೂ ಹಾಡಿಕೊಂಡಿದ್ದಾರೆ, ಜಗಳಕ್ಕೆ ಬಂದಾರು. ಧಾರವಾಡದ ಕಡೆಯ ದೊಡ್ಡ ಗಾಯಕಿ, ಆಗಲೇ ಅರವತ್ತು ದಾಟಿತ್ತು. ಅವರ ವಿಲಂಬಿತ ಗತಿ ಎಷ್ಟು ನಿಧಾನವೆಂದರೆ ಒಂದು ಸಮ್‌ನಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಒಲೆಯ ಮೇಲಿನ ಹಾಲು ಉಕ್ಕೀತು. ಸಾಥಿಗೆ ಕೂತ ನಮ್ಮವರು ಹೆದರಿಕೆಗೆ ತಾಳದ ಒಂದು ಮಾತ್ರೆ ಬಿಟ್ಟುಬಿಟ್ಟರು. ಬಾಯಿಯವರು ಸಮ್‌ಗೆ ಬಂದು ಇಳಿದಾಗ ತಬಲಾ ಅಲ್ಲಿರಲಿಲ್ಲ. ಅವರು ಹಾಡು ನಿಲ್ಲಿಸಲಿಲ್ಲ. ಬಲಗೈಯನ್ನು ತಲೆಯೆತ್ತರಕ್ಕೆ ಎತ್ತಿ, ಸಾಲೆಯ ಮಕ್ಕಳಿಗೆ ತೋರಿಸುವ ಹಾಗೆ ತಾಳ ಹಾಕತೊಡಗಿದರು. ಸಭೆಯಲ್ಲಿ ಕಿಸಕ್ಕೆಂದು ನಗೆ ಎದ್ದಿತು. ಆಮೇಲೆ ಎಲ್ಲರಿಗೂ ಕೇಳುವ ಹಾಗೆ, "ಬಿಡಪಾ, ನೀ ಸುಮ್ಮ ಕೂಡು. ನಾನ ಹಾಕ್ಕೋತೀನಿ," ಎಂದರು.

ಅಂದು ಚೀಲಕ್ಕೆ ಹೋದ ತಬಲಾ ಮುಂದಿನ ಗಣಪತಿ ಬಂದು ಹೋದರೂ ಹೊರಗೆ ಬರಲಿಲ್ಲ. ನಮ್ಮವರು ಸಿಟ್ಟು ಮಾಡಲಿಲ್ಲ, ಕುಡಿಯಲಿಲ್ಲ, ಏನೂ ಮಾಡಲಿಲ್ಲ. ಕೆಲಸಕ್ಕೆ ಹೋದರು, ಬಂದರು, ಉಂಡರು. ಆ ಮೌನ ನನ್ನನ್ನು ತಿಂದುಹಾಕಿತು. ಆ ಹೆಂಗಸಿನ ಮೇಲೆ ನನಗೆ ಹುಟ್ಟಿದ ಸಿಟ್ಟು ಮಾತ್ರ ಹಗಲೂರಾತ್ರಿ ಕುದಿಯುತ್ತಿತ್ತು. ಕೊನೆಗೆ ನಾನೇ ಒಂದು ನೆಪ ಹೂಡಿದೆ. "ನನ್ನ ಕೈ ಜಡ್ಡುಗಟ್ಟ್ಯಾದ್ರಿ. ರೀಲ್ ಇಲ್ಲದನ ಪ್ರಾಕ್ಟೀಸ್ ಮಾಡ್ತೀನಿ. ನೀವು ಸುಮ್ಮ ಠೇಕಾ ಹಿಡೀರಿ, ಸಾಕು." ನನ್ನ ಮುಖ ನೋಡಿ ನೆಪವೆಂದು ತಿಳಿದೇ ಚೀಲ ಬಿಚ್ಚಿದರು. ಅಂದಿನಿಂದ ಪ್ರತಿ ಸಂಜೆ ಅವರು ಠೇಕಾ, ಅಂದರೆ ತಾಳದ ಬರೀ ನಡೆ, ಬಾರಿಸುವುದು, ನಾನು ಖಾಲಿ ಕ್ಯಾಮೆರಾ ಹಿಡಿದು ಸಮ್‌ಗೊಮ್ಮೆ ಖಟಕ್ ಎನ್ನಿಸುವುದು. ಮೇಲಿನ ಮನೆಯ ಮರಾಠಿ ಕಾಕೂ ಇಣುಕಿ ನೋಡಿ, ಗಂಡ ಹೆಂಡತಿ ಇಬ್ಬರಿಗೂ ತಲೆ ತಿರುಗಿದೆ ಎಂದು ಓಣಿಗೆಲ್ಲ ಹೇಳಿಬಂದಿದ್ದಳು. ಮನೆಯಲ್ಲಿ ಬಾರಿಸುತ್ತಿದ್ದರು ಅಷ್ಟೇ. ವೇದಿಕೆಯ ಮಾತೆತ್ತಿದರೆ ಎದ್ದು ಹೋಗುತ್ತಿದ್ದರು.

ಅರವತ್ತೊಂಬತ್ತರ ಶ್ರಾವಣದಲ್ಲಿ ಕಾರ್ಖಾನೆಗೆ ನಾಶಿಕದಿಂದ ಒಂದು ಫೋನು ಬಂತು. ಮಾಡಿದವರು ನಮ್ಮಿಬ್ಬರಿಗೂ ಪರಿಚಯವಿದ್ದ, ಕುಂದಾಪುರದ ಕಡೆಯ ಪದ್ಮನಾಭ ಭಟ್ಟರು. ನಾಶಿಕದಲ್ಲಿ ಅವರದೊಂದು ಸಸ್ಯಾಹಾರಿ ಹೋಟೆಲು. ಮೇಲಿನ ಮಹಡಿಯ ಹಾಲಿನಲ್ಲಿ ಭಾನುವಾರ ಬೆಳಿಗ್ಗೆ ಊರಿನ ಕನ್ನಡಿಗರನ್ನೂ ಮರಾಠಿ ರಸಿಕರನ್ನೂ ಸೇರಿಸಿ ಹಾಡು ಕೇಳಿಸುವ ಚಟ ಅವರಿಗೆ. ಬಾಯಿಯವರು ತ್ರ್ಯಂಬಕೇಶ್ವರದ ಸೋಮವಾರಗಳಿಗೆಂದು ಆ ತಿಂಗಳೆಲ್ಲ ನಾಶಿಕದಲ್ಲಿದ್ದರು. ಅವರ ತಬಲಜಿ ಗೋದಾವರಿ ಘಾಟಿನ ಪಾಚಿಗೆ ಜಾರಿ ಮಣಿಕಟ್ಟು ಮುರಿದುಕೊಂಡಿದ್ದರು. ಈ ಭಾನುವಾರಕ್ಕೆ ಯಾರೂ ಇಲ್ಲ, ನೀವು ಬರಲೇಬೇಕು ಎಂದು ಭಟ್ಟರ ಹಟ. ಇನ್ನೊಂದು ಮಾತೂ ಹೇಳಿದರಂತೆ: ಹಾಲಿನ ಗೋಡೆಗೆ ಬಾಯಿಯವರದೊಂದು ಫೋಟೋ ಬೇಕು, ಮನೆಯವರನ್ನೂ ಕ್ಯಾಮೆರಾವನ್ನೂ ಕರೆತನ್ನಿ.

ನಮ್ಮವರು ಇದನ್ನೆಲ್ಲ ಊಟಕ್ಕೆ ಕೂತಾಗ ಹೇಳಿದರು.

"ಹೋಗೋಣ್ರಿ," ಎಂದೆ.

"ಹೋಗೋಣ. ಆದ್ರ ಒಂದ್ ಮಾತು ಹೇಳ್ತೀನಿ ಕೇಳು. ಈ ಸಲನೂ ಹಂಗ ಆಯ್ತಂದ್ರ, ಅಲ್ಲೇ ಯಾರಿಗಾದ್ರೂ ತಬಲಾ ಕೊಟ್ಟು ಬರ್ತೀನಿ. ಆಮ್ಯಾಲ ನೀ ಮನ್ಯಾಗ ಠೇಕಾ ಹಿಡೀರಿ ಅಂತ ನೆವ ತೆಗೀಬ್ಯಾಡ."

ತಮಾಷೆಗೆ ಹೇಳಿದ ಮಾತಲ್ಲ ಅದು. ಅವರು ಆಡಿದರೆ ಆಡಿದ್ದೇ. ತಬಲಾ ಇಲ್ಲದ ನಮ್ಮ ಮನೆ ಹೇಗಿರುತ್ತದೆ ಎಂದು ನಾನು ಒಂದು ವರ್ಷಕ್ಕೂ ಹೆಚ್ಚು ಕಾಲ ನೋಡಿದ್ದೆ, ಇನ್ನೊಮ್ಮೆ ನೋಡುವ ಶಕ್ತಿ ನನಗಿರಲಿಲ್ಲ.

ಶನಿವಾರದ ಎಸ್‌ಟಿ ಬಸ್ಸು. ವೈಜಾಪುರ, ಯೇವಲಾ, ನಿಫಾಡ, ದಾರಿಯುದ್ದಕ್ಕೂ ಮಳೆ ಬಿಟ್ಟೂ ಬಿಡದೆ ಹಿಡಿದುಕೊಂಡಿತ್ತು. ತಬಲಾ-ಡಗ್ಗಾಗಳನ್ನು ಮೇಣದ ಬಟ್ಟೆಯಲ್ಲಿ ಸುತ್ತಿ ನಮ್ಮವರು ತೊಡೆಯ ಮೇಲೆ ಇಟ್ಟುಕೊಂಡಿದ್ದರು. ನನ್ನ ತೊಡೆಯ ಮೇಲೆ ಕ್ಯಾಮೆರಾ. ಎದುರಿನ ಸೀಟಿನ ಅಜ್ಜಿಯೊಬ್ಬಳು ಇಬ್ಬರನ್ನೂ ನೋಡಿ "ಎರಡೂ ಕೂಸು ಮಲಗ್ಯಾವೇನು?" ಎಂದು ಮರಾಠಿಯಲ್ಲಿ ಕೇಳಿದಳು. ಬೇರೆ ದಿನವಾಗಿದ್ದರೆ ನಗುತ್ತಿದ್ದೆವು.

ಹೋಟೆಲಿನ ಮಹಡಿ ಹತ್ತಿದರೆ ಬಾಯಿಯವರು ಕಿಟಕಿಯ ಬಳಿ ತಂಬೂರಿ ಶ್ರುತಿ ಮಾಡುತ್ತಿದ್ದರು. ಭಟ್ಟರು "ಇವರೇ ನೋಡಿ, ಶರಣಪ್ಪನವರು, ಔರಂಗಾಬಾದಿಂದ..." ಎಂದು ಶುರುಮಾಡಿದ್ದೇ ತಡ, ಅವರು ತಲೆಯೆತ್ತಿದರು.

"ಇಂವ ನನಗ ಗೊತ್ತದಾನ," ಎಂದರು.

ಭಟ್ಟರಿಗೆ ಹಳೆಯ ಕಥೆ ತಿಳಿದಿರಲಿಲ್ಲ. "ಓಹೋ, ಹಾಗಾದ್ರೆ ಒಳ್ಳೆದೇ ಆಯ್ತಲ್ಲ ಮಾರಾಯ್ರೆ!" ಎಂದು ಕೈ ಉಜ್ಜಿಕೊಂಡರು. ನಮ್ಮವರ ಮುಖದಲ್ಲಿ ರಕ್ತ ಇರಲಿಲ್ಲ. ಬಾಯಿಯವರು ತಂಬೂರಿಯ ತಂತಿ ಮೀಟಿ ಮತ್ತೆ ಕಿವಿಗೊಟ್ಟರು. ಆಮೇಲೆ ಅವರ ಕಣ್ಣು ನನ್ನ ಹೆಗಲ ಮೇಲಿನ ಪಟ್ಟಿಗೆ ಬಿತ್ತು.

"ಇದೇನವಾ?"

"ಕ್ಯಾಮೆರಾ ಅದರಿ. ಭಟ್ಟರು ತರ್ರಿ ಅಂದಿದ್ರು."

"ತಕ್ಕೋ. ಬ್ಯಾಡ ಅನ್ನೂದಿಲ್ಲ. ಆದ್ರ ನನ್ನ ಕಿವಿಗೆ ಅದರ ಸಪ್ಪಳ ಬೀಳಬಾರದು. ಒಂದ ಒಂದು ಸಲ ಬಿತ್ತಂದ್ರೂ ಅಲ್ಲೇ ಹಾಡು ಮುಗಸ್ತೀನಿ. ಮುಂಬೈದಾಗ ಒಮ್ಮೆ ಮುಗಸೇನಿ, ಕೇಳು ಬೇಕಾದ್ರ."

ನಾನು ಹೂಂ ಎಂದೆ. ಸಮ್ ಮೇಲೆ ಹೊಡೆದರೆ ತಬಲಾದ ಪೆಟ್ಟು, ಜನರ ವಾಹ್‌ವಾ ಎಲ್ಲ ಸೇರಿ ನನ್ನ ಖಟಕ್ ಯಾರ ಕಿವಿಗೂ ಬೀಳದೆಂಬ ಧೈರ್ಯ ನನಗಿತ್ತು. ತಬಲಾವೇ ಸುಮ್ಮನಾದರೆ ಏನು ಗತಿ ಎಂದು ಯೋಚಿಸಿರಲಿಲ್ಲ.

ಭಾನುವಾರ ಬೆಳಗಾದರೂ ಬೆಳಕು ಸರಿಯಾಗಿ ಹರಿಯಲಿಲ್ಲ. ಮಳೆಗಾಲದಲ್ಲಿ ತಬಲಾದ ಚರ್ಮ ತೇವ ಕುಡಿದು ಸಡಿಲಾಗುತ್ತದೆ, ಶ್ರುತಿ ಇಳಿಯುತ್ತದೆ. ಬಾಯಿಯವರ ಸ್ವರವೋ ಎತ್ತರ. ನಮ್ಮವರು ಬೆಳಿಗ್ಗೆಯೇ ತಬಲಾವನ್ನು ಶ್ರುತಿಗೆ ಏರಿಸಿ, ಒಣ ಬಟ್ಟೆ ಮುಚ್ಚಿ ಇಟ್ಟು ಸ್ನಾನಕ್ಕೆ ಹೋದರು. ನಾನು ಅಭ್ಯಾಸದಂತೆ ಕಿಟಕಿಯ ಬೆಳಕು ಎಲ್ಲಿ ಬೀಳುತ್ತದೆ ಎಂದು ಹಾಲಿನಲ್ಲಿ ಸುತ್ತಾಡುತ್ತಿದ್ದೆ. ಅಷ್ಟರಲ್ಲಿ ಭಟ್ಟರು ನಮಗೆ ಒಂದು ಉಪಕಾರ ಮಾಡಿಬಿಟ್ಟರು.

ಸ್ನಾನ ಮುಗಿಸಿ ಬಂದ ನಮ್ಮವರು "ತಬಲಾ ಎಲ್ಲದ?" ಎಂದು ಕೇಳಿದಾಗ, ಭಟ್ಟರು ಹೆಮ್ಮೆಯಿಂದ, "ನೀವು ಹೆದರ್ಬೇಡಿ ಮಾರಾಯ್ರೆ. ಥಂಡಿ ಉಂಟಲ್ಲ, ಅಡುಗೆಮನೆಯಲ್ಲಿ ಬೆಚ್ಚಗೆ ಇಡಿಸಿದ್ದೇನೆ," ಎಂದರು.

ಓಡಿಹೋಗಿ ನೋಡಿದರೆ ಬೆಚ್ಚಗೇನೋ ಇತ್ತು. ಒಲೆಯ ಪಕ್ಕದ ಕಟ್ಟೆಯಲ್ಲಿ, ಭಾನುವಾರದ ಗಿರಾಕಿಗಳಿಗಾಗಿ ಬುಸುಬುಸು ಹಬೆಯಾಡುವ ಇಡ್ಲಿ ಪಾತ್ರೆಯ ಮಗ್ಗುಲಿಗೆ, ದೇವರ ಹಾಗೆ ಕೂರಿಸಿದ್ದರು. ಚರ್ಮದ ಮೇಲೆ ಬೆವರಿನಂಥ ಹನಿ. ಕುಂದಾಪುರದಲ್ಲಿ ಹುಟ್ಟಿ ಹೋಟೆಲಿನಲ್ಲೇ ಬೆಳೆದ ಮನುಷ್ಯನಿಗೆ ಬೆಚ್ಚಗಿನ ಜಾಗವೆಂದರೆ ಇಡ್ಲಿ ಪಾತ್ರೆಯ ಪಕ್ಕವೇ. ಬೈಯಲು ಬಾಯಿ ಬರಲಿಲ್ಲ. ಇದ್ದಿಲಿನ ಕೆಂಡ ತರಿಸಿ, ದೂರದಿಂದ ಕಾವು ತೋರಿಸಿ, ಸುತ್ತಿಗೆಯಿಂದ ಪಕ್ಕದ ಮರದ ಗಟ್ಟಾಗಳನ್ನು ಬಡಿದು ಬಡಿದು ನಮ್ಮವರು ಹೇಗೋ ಅದನ್ನು ಶ್ರುತಿಗೆ ತಂದರು. ಇನ್ನೊಂದು ತಬಲಾ ಆ ಹೊತ್ತಿನಲ್ಲಿ ಹುಡುಕುವುದೆಲ್ಲಿ? ಜನ ಬಂದು ಕೂತಾಗಿತ್ತು. ಅದೇ ಅಡುಗೆಮನೆಯ ವಾಸನೆ, ನೆನೆದ ಚರ್ಮ, ಶಾಯಿ, ಇದ್ದಿಲು, ಗುಲಮಂಡಿಯ ಅಂಗಡಿಯಲ್ಲಿ ನನ್ನ ಎದೆಗೆ ಬಡಿದದ್ದು.

"ಹಿಡೀತದೇನ್ರಿ?" ಎಂದು ಕೇಳಿದೆ.

"ಕೊನೀಗೆ ಬರೂ ದ್ರುತ್ ತನಕ ಹಿಡದ್ರ ಬಸವಣ್ಣನ ಪುಣ್ಯ," ಎಂದು ಮೆಟ್ಟಿಲು ಹತ್ತಿದರು.

ನಾನು ತಬಲಾದ ಬದಿಯ ಗೋಡೆಗೆ ಆತು ನೆಲದ ಮೇಲೆ ಕೂತೆ. ನನಗೆ ಹತ್ತಿರ ನಮ್ಮವರು, ಅವರಾಚೆ ಬಾಯಿಯವರು, ಥಂಡಿಗೆಂದು ಮೈತುಂಬ ಶಾಲು ಹೊದ್ದು ಕೂತಿದ್ದರು. ಹಾಡು ಶುರುವಾಯಿತು. ಸಿಟ್ಟಿದ್ದವಳು ನಾನು, ಆದರೂ ಹೇಳುತ್ತೇನೆ: ಆ ದನಿ ಕೇಳಿ ಸಿಟ್ಟು ಇಟ್ಟುಕೊಳ್ಳುವುದು ಕಷ್ಟ. ವಿಲಂಬಿತ ಏಕತಾಲ, ಹನ್ನೆರಡು ಮಾತ್ರೆಯ ಸುತ್ತು. ಸಮ್ ಬಂತು, ಧಿನ್ ಎಂದು ತಬಲಾ ನುಡಿಯಿತು, ಸಭೆ "ವಾಹ್" ಎಂದಿತು, ನನ್ನ ಖಟಕ್ ಅದರಲ್ಲಿ ಮುಳುಗಿತು. ಮುಂದಿನ ಸಮ್, ಇನ್ನೊಂದು ಖಟಕ್. ಬಾಯಿಯವರು ನನ್ನತ್ತ ನೋಡಲೇ ಇಲ್ಲ. ನಮ್ಮವರ ಹೆಗಲು ನಿಧಾನಕ್ಕೆ ಇಳಿಯುವುದನ್ನು ಕಿಂಡಿಯಲ್ಲಿ ಕಂಡೆ. ಪಾರಾದೆವು ಎಂದುಕೊಂಡೆ.

ಅಷ್ಟರಲ್ಲಿ ತಬಲಾದ ದನಿ ಇಳಿಯಿತು. ಮೊದಲು ಕೂದಲೆಳೆಯಷ್ಟು. ಬಾಯಿಯವರ ಹುಬ್ಬು ಕೂಡಿತು. ಇನ್ನೊಂದು ಸುತ್ತಿಗೆ ಯಾರಿಗಾದರೂ ತಿಳಿಯುವಷ್ಟು ಇಳಿದು, ಒದ್ದೆ ಹಲಗೆ ಬಡಿದಂತೆ ಕೇಳಿಸಿತು. ಇಡ್ಲಿಯ ಹಬೆ ಒಳಗೆ ಇಳಿದದ್ದು ಈಗ ತನ್ನ ಗುಣ ತೋರಿಸುತ್ತಿತ್ತು. ನಮ್ಮವರು ಠೇಕಾ ಬಿಟ್ಟು ಸುತ್ತಿಗೆ ತೆಗೆದುಕೊಂಡರು. ಇಂಥ ಹೊತ್ತಿನಲ್ಲಿ ಹಾಡುವವರು ಸಾಮಾನ್ಯವಾಗಿ ನಿಲ್ಲಿಸಿ ಒಂದು ಗುಟುಕು ನೀರು ಕುಡಿಯುತ್ತಾರೆ. ಬಾಯಿಯವರು ನಿಲ್ಲಿಸಲಿಲ್ಲ, ಕಣ್ಣು ಮುಚ್ಚಿ ಆಲಾಪದಲ್ಲೇ ಮುಂದುವರಿದರು. ತಬಲಾ ಇಲ್ಲ, ಬರೀ ದನಿ, ತಂಬೂರಿ, ಹೊರಗೆ ಮಳೆ. ನಮ್ಮವರು ಒಂದು ಕೈಯಲ್ಲಿ ಚರ್ಮ ಮೀಟಿ ಕಿವಿಗೊಡುವುದು, ಇನ್ನೊಂದರಲ್ಲಿ ಗಟ್ಟಾ ಬಡಿಯುವುದು. ನಾನು ಮಾತ್ರೆ ಎಣಿಸುತ್ತಲೇ ಇದ್ದೆ. ಅದು ನನಗೆ ಉಸಿರಾಟದಷ್ಟು ರೂಢಿಯಾಗಿತ್ತು.

ಶ್ರುತಿ ಕೂಡಿತು. ನಮ್ಮವರು ಸುತ್ತಿಗೆ ಕೆಳಗಿಟ್ಟು, ಬೆರಳುಗಳನ್ನು ತಬಲಾದ ಮೇಲೆ ತಂದು, ಬಾರಿಸದೆ ಹಾಗೇ ಕೂತರು.

ಕಿಂಡಿಯಲ್ಲಿ ಅವರ ಮುಖ ನೋಡಿದ ಕೂಡಲೇ ನನಗೆ ತಿಳಿಯಿತು. ಎಣಿಕೆ ತಪ್ಪಿತ್ತು. ತಾಳ ಈಗ ಎಲ್ಲಿದೆ ಎಂದು ಅವರಿಗೆ ಗೊತ್ತಿರಲಿಲ್ಲ. ಬಾಯಿಯವರು ಹಾಡಿನ ಪಲ್ಲವಿಯನ್ನಾದರೂ ಎತ್ತಿದ್ದರೆ ಸಮ್ ಸಿಗುತ್ತಿತ್ತು, ಅವರು ಬರೀ 'ಆ'ಕಾರದಲ್ಲಿ ಅಲೆಯುತ್ತಿದ್ದರು. ತಪ್ಪಿ ಹೊಕ್ಕರೆ ಔರಂಗಾಬಾದಿನದೇ ಕಥೆ. ಹೊಗದೆ ಕೂತರೂ ಅದೇ ಕಥೆ. ಅವರ ತುಟಿಯ ಮೇಲೆ ಬೆವರೊಡೆದಿತ್ತು.

ನನಗೆ ಗೊತ್ತಿತ್ತು ಸಮ್ ಎಲ್ಲಿ ಎಂದು. ಒಂಬತ್ತು ಕಳೆದಿತ್ತು. ಹತ್ತು. ಅದನ್ನು ಹೇಳುವ ಬಾಯಿ ನನ್ನ ಬಳಿ ಒಂದೇ ಇತ್ತು, ಕೈಯಲ್ಲಿ. ಆದರೆ ಆ ನಿಶ್ಶಬ್ದದಲ್ಲಿ ಒತ್ತಿದರೆ ತಬಲಾದ ಆಸರೆಯಿಲ್ಲ, ವಾಹ್‌ವಾದ ಆಸರೆಯಿಲ್ಲ. ಬಾಯಿಯವರ ಕಿವಿಗೆ ನೇರ ಹೋಗಿ ಬೀಳುತ್ತದೆ. ಅವರು ಹಾಡು ಮುಗಿಸಿ ಏಳುತ್ತಾರೆ. ಯಾರಿಂದ ನಿಂತಿತು? ಔರಂಗಾಬಾದಿನ ತಬಲಜಿಯ ಹೆಂಡತಿಯಿಂದ. ಒತ್ತಿದರೂ ಹೋಯಿತು, ಒತ್ತದಿದ್ದರೂ ಹೋಯಿತು. ಹನ್ನೊಂದು. ವೇರೂಳಿನ ಕಲ್ಲುಗಳ ಮುಂದೆ ಕಲಿತಂತೆ ಮೊಣಕೈ ಪಕ್ಕೆಗೆ ಒತ್ತಿದೆ, ಉಸಿರು ಕಟ್ಟಿದೆ. ಹನ್ನೆರಡು.

ಖಟಕ್.

ಬಾಗಿಲ ಅಗುಳಿ ಬಿದ್ದಂತೆ ಕೇಳಿಸಿತು. ಮುಂದಿನ ಸಾಲಿನವರು ತಿರುಗಿ ನೋಡಿರಬೇಕು, ನನಗೆ ಕಾಣಲಿಲ್ಲ. ಕಿಂಡಿಯಲ್ಲಿ ಕತ್ತಲು. ಕ್ಯಾಮೆರಾ ಕೆಳಗಿಳಿಸುವ ಧೈರ್ಯವಿಲ್ಲ, ರೀಲು ತಿರುಗಿಸಿದರೆ ಇನ್ನೊಂದು ಸಪ್ಪಳ. ಆ ಕತ್ತಲಿಗೇ ಕಣ್ಣು ಹಚ್ಚಿಕೊಂಡು ಕೂತೆ. ದನಿ ನಿಲ್ಲುತ್ತದೆ ಎಂದು ಕಾದೆ. ನಿಲ್ಲಲಿಲ್ಲ. ಅದರ ಅಡಿಯಿಂದ, ಮೆಲ್ಲಗೆ, ಎರಡನೆಯ ಮಾತ್ರೆಯಿಂದ ತಬಲಾ ನಡೆಯಲು ಶುರುಮಾಡಿತು. ಮೂರು, ನಾಲ್ಕು, ಐದು. ಸುತ್ತು ಪೂರಾ ತುಂಬಿ ಬಂದು, ಕೊನೆಗೊಂದು ಚಿಕ್ಕ ತುಣುಕನ್ನು ಮೂರು ಸಲ ನುಡಿಸಿ, ಬಾಯಿಯವರ ಪಲ್ಲವಿಯೊಡನೆ ಕೂಡಿಯೇ ಸಮ್‌ಗೆ ಬಂದು ಇಳಿದಾಗ ಇಡೀ ಸಭೆ "ವಾಹ್!" ಎಂದಿತು. ಭಟ್ಟರ "ಆಹಾ ಮಾರಾಯ್ರೆ" ಎಲ್ಲರಿಗಿಂತ ಜೋರು. ನಾನು ಕತ್ತಲಲ್ಲೇ ಅತ್ತೆ.

ಮುಗಿದ ಮೇಲೆ ಬಾಯಿಯವರು ನನ್ನನ್ನು ಕರೆದರು. ನಮ್ಮವರು ಕೆಳಗೆ ಭಟ್ಟರ ಅಪ್ಪುಗೆಯಲ್ಲಿ ಸಿಕ್ಕಿಕೊಂಡಿದ್ದರು.

"ಒಂದು ಸಪ್ಪಳ ಆತು."

"ಹೌದ್ರಿ."

"ಹಾಡು ಮುಗಸ್ತೀನಿ ಅಂದಿದ್ದೆ."

"ಹೌದ್ರಿ ಬಾಯಿಯವ್ರ."

ಅವರು ಶಾಲು ಮಡಚುತ್ತಾ ನನ್ನ ಮುಖ ನೋಡಲಿಲ್ಲ. "ಸಮ್ ಮ್ಯಾಲ ಇತ್ತು. ಅದಕ್ಕ ಬಿಟ್ಟೆ," ಎಂದರು.

ಬಸ್ಸಿನಲ್ಲಿ ನಿಫಾಡ ದಾಟಿದ ಮೇಲೆ ನಮ್ಮವರು ಕಿಟಕಿಯ ಕಡೆ ಮುಖ ಮಾಡಿ, "ನಿನ್ನ ಖಟಕ್ ಕೇಳಿ ಹೊಕ್ಕೆ," ಎಂದರು. ನನಗೆ ಅಷ್ಟು ಸಾಕಾಗಿತ್ತು. ನನ್ನ ಕೊರಳಿಗೆ ಯಾರೋ ಹಾರ ಹಾಕಿದಷ್ಟು ಉಬ್ಬಿಹೋದೆ. ಮುಂದಿನ ಭಾನುವಾರಕ್ಕೂ ಬಾ ಎಂದು ಬಾಯಿಯವರು ಅವರಿಗೆ ಹೇಳಿ ಕಳಿಸಿದ್ದರು.

ಆ ವಾರ, ನಮ್ಮವರು ಕೆಲಸಕ್ಕೆ ಹೋದ ಮೇಲೆ, ಬಚ್ಚಲಮನೆಯ ಕಿಟಕಿಗೆ ಕಂಬಳಿ ಹೊಡೆದು, ಕೆಂಪು ಬಲ್ಬಿನಲ್ಲಿ ಚಿತ್ರಗಳನ್ನು ತೊಳೆದೆ. ನನ್ನ ಅತ್ತೆಯ ಹಳೆಯ ಪರಾತವೇ ಚಿತ್ರ ತೊಳೆಯುವ ತಟ್ಟೆ. ಬಾಯಿಯವರ ಮುಖಗಳು ಚೆನ್ನಾಗಿ ಬಂದಿದ್ದವು. ಕೊನೆಗೆ ಆ ಒಂದನ್ನು ರಸಾಯನದ ನೀರಿಗಿಳಿಸಿದೆ. ಮೊದಲು ತಬಲಾದ ಕರಿ ಶಾಯಿ ಮೂಡಿತು. ಆಮೇಲೆ ಅದರ ಮೇಲೆ ಬಾಗಿದ ನಮ್ಮವರ ಹಣೆ. ಮುಖ ಎಷ್ಟು ಬಾಗಿತ್ತೆಂದರೆ ಕಣ್ಣು ಎಲ್ಲಿ ನೋಡುತ್ತಿತ್ತೆಂದು ತಿಳಿಯುವಂತಿರಲಿಲ್ಲ. ಆಮೇಲೆ ಅಂಚಿನಲ್ಲಿ ಇನ್ನೇನೋ ಬಿಳಿಯದು ಮೂಡತೊಡಗಿತು. ಕಲೆ ಎಂದುಕೊಂಡೆ. ಕಲೆಗೆ ಬೆರಳು ಬಂದವು, ಬಳೆ ಬಂತು.

ಬಾಯಿಯವರ ಬಲಗೈ. ಶಾಲಿನ ಅಡಿಯಿಂದ, ಸಭೆಗೆ ಕಾಣದ ಹಾಗೆ, ನಮ್ಮವರ ಕಡೆಗೆ ಚಾಚಿ ಜಮಖಾನೆಯ ಮೇಲೆ ಅಂಗೈ ಊರಿತ್ತು. ಬೆರಳ ತುದಿಗಳು ಮಸುಕಾಗಿದ್ದವು, ಕೈ ಆಗಷ್ಟೇ ಬಿದ್ದಿತ್ತು. ನನ್ನ ಖಟಕ್ ಬಿದ್ದ ಗಳಿಗೆಯಲ್ಲೇ, ನಾನು ನೋಡಲಾಗದ ಆ ಗಳಿಗೆಯಲ್ಲೇ, ಆ ಹೆಂಗಸೂ ನನ್ನ ಗಂಡನಿಗೆ ಸಮ್ ತೋರಿಸುತ್ತಿದ್ದಳು. ವರ್ಷಗಟ್ಟಲೆ ನಾನು ಸಿಟ್ಟಿನಿಂದ ನೆನೆಸಿದ ಅದೇ ಕೈ. ಬಚ್ಚಲಿನ ಕಟ್ಟೆಯ ಮೇಲೆ ಕೂತುಬಿಟ್ಟೆ. ನನ್ನ ಖಟಕ್‌ನ ಹೆಮ್ಮೆ ಅರ್ಧ ಇಳಿದುಹೋಯಿತು ಎಂದು ಬೇಜಾರಾಯಿತು ಎಂದೂ ಹೇಳಿಬಿಡುತ್ತೇನೆ.

ಮುಂದಿನ ಭಾನುವಾರ ಹಾಡಿಗೆ ಮೊದಲು ಆ ಚಿತ್ರವನ್ನು ಬಾಯಿಯವರೊಬ್ಬರಿಗೇ ತೋರಿಸಿದೆ. ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು.

"ಈ ಕೈ ತಗದುಬಿಡು," ಎಂದರು.

"ಯಾಕ್ರೀ?"

"ಔರಂಗಾಬಾದಿನ್ಯಾಗ ಎತ್ತಿದ ಕೈ ಊರ ಮಂದಿ ನೋಡಿದ್ರು. ಅವತ್ತು ಹೋಗಿ ಉಣ್ಣಾಕ ಕುಂತ್ರ ತುತ್ತು ಇಳೀಲಿಲ್ಲ ನನಗ. ಇದನ್ನ ಯಾರೂ ನೋಡೂದು ಬ್ಯಾಡ. ಅವನೂ ನೋಡೂದು ಬ್ಯಾಡ. ಹುಡುಗ ತಾನ ಹೊಕ್ಕ ಅಂತ ಇರ್ಲಿ."

ಭಟ್ಟರ ಅಡುಗೆಮನೆಯ ಕತ್ತರಿಯಿಂದ ಅಲ್ಲೇ ಅಂಚು ಕತ್ತರಿಸಿದೆ. ಉಳಿದ ಚಿತ್ರ, ತಬಲಾದ ಮೇಲೆ ಬಾಗಿದ ನಮ್ಮವರು ಒಬ್ಬರೇ ಇರುವುದು, ಚೌಕಟ್ಟು ಹಾಕಿಸಿಕೊಂಡು ಐವತ್ತು ವರ್ಷದಿಂದ ನಮ್ಮ ಪಡಸಾಲೆಯ ಗೋಡೆಯಲ್ಲಿದೆ. ಬಾಯಿಯವರು ಬದುಕಿದ್ದಷ್ಟು ದಿನ ಈ ಕಡೆ ಬಂದಾಗಲೆಲ್ಲ ಸಾಥಿಗೆ ಶರಣಪ್ಪನೇ ಬೇಕು ಎನ್ನುತ್ತಿದ್ದರು. ನಾನು ಕೊಟ್ಟ ಮಾತು ಉಳಿಸಿಕೊಂಡೆ, ಕೈಯ ಸುದ್ದಿ ಎತ್ತಲಿಲ್ಲ. ಬಂದ ನೆಂಟರಿಗೆಲ್ಲ ನಮ್ಮವರು ಆ ಚಿತ್ರ ತೋರಿಸಿ, "ಇಕೀ ಖಟಕ್ ಅಂದಳು, ನಾ ಪಾರಾದೆ," ಎನ್ನುತ್ತಿದ್ದರು. ನಾನು ನಾಚಿಕೊಂಡವಳ ಹಾಗೆ ಒಳಗೆ ಹೋಗುತ್ತಿದ್ದೆ.

ಗುಲಮಂಡಿಯಿಂದ ತಬಲಾ ತಂದ ಸಂಜೆ ಮೊಮ್ಮಗಳು ಈಶಾ ಅದನ್ನು ಬಾರಿಸಲು ಕೂತಳು, ಪಕ್ಕದಲ್ಲಿ ಅವಳ ಅಜ್ಜ, ನಮ್ಮವರು. ಅವಳಿಗೆ ಕನ್ನಡ ತಿಳಿಯುತ್ತದೆ, ಉತ್ತರ ಮಾತ್ರ ಮರಾಠಿಯಲ್ಲಿ. ಅವಳ ಗೆಳತಿಯೊಬ್ಬಳು ಹಾಡುತ್ತಿದ್ದಳು. ಗೆಳತಿಯ ಅಪ್ಪ ಅಮ್ಮ, ನನ್ನ ಮಗ, ಸೊಸೆ ಎಲ್ಲ ಎದುರಿಗೆ. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ನಡುವೆ ಹುಡುಗಿ ತಾಳ ಬಿಟ್ಟಳು. ಬೆರಳು ನಿಂತವು, ಕಿವಿ ಕೆಂಪಾದವು. ಆಗ ಅವಳ ಪಕ್ಕದಲ್ಲಿ ಕೂತಿದ್ದ ನಮ್ಮವರ ಬಲಗೈ, ಹೊದ್ದ ಶಾಲಿನ ಅಡಿಯಿಂದ ಹೊರಗೆ ಬಂತು. ಎದುರಿನವರಿಗೆ ಕಾಣದ ಹಾಗೆ, ಅವಳೊಬ್ಬಳಿಗೇ ಕಾಣುವ ಹಾಗೆ, ಚಾಪೆಯ ಮೇಲೆ ಅಂಗೈ ಬಿತ್ತು. ಈಶಾ ಹೊಕ್ಕಳು.

ನನಗೆ ಮೈ ಜುಮ್ಮೆಂದಿತು. ಅದೇ ಕೈ. ಅದೇ ರೀತಿ, ಅಷ್ಟೇ ದೂರ ಚಾಚಿದ್ದು.

ಎಲ್ಲರೂ ಹೋದ ಮೇಲೆ ಅವರ ಮುಂದೆ ಚಹಾ ಇಟ್ಟು ಕೇಳಿದೆ. "ಹಂಗ ಶಾಲಿನಾಗಿಂದ ಕೈ ಕೊಡೋದು ಎಲ್ಲಿ ಕಲ್ತ್ರಿ?"

"ನಾಶಿಕದಾಗ," ಎಂದರು, ಬಟ್ಟೆಯಿಂದ ತಬಲಾ ಒರೆಸುತ್ತಾ.

"ಅಂದ್ರ ನೀವು ನೋಡಿದ್ರಿ?"

"ಕಣ್ಣ ಮುಂದ ಇದ್ದದ್ದು ನೋಡ್ಲಾರದ ಹ್ಯಾಂಗ? ಕೈನೂ ಬಿತ್ತು, ನಿನ್ನ ಖಟಕ್ಕೂ ಬಿತ್ತು. ಎರಡೂ ಕೂಡೇ ಬಿದ್ದವು."

"ಮತ್ತ ಇಷ್ಟು ವರ್ಷ ಮಂದಿ ಮುಂದೆಲ್ಲ ನನ್ನ ಖಟಕ್ ಒಂದೇ ಹೇಳ್ಕೋತ ಬಂದ್ರಲ್ಲ?"

ಅವರು ಗೋಡೆಯ ಮೇಲಿನ ಚೌಕಟ್ಟಿನ ಕಡೆ ನೋಡಿದರು. ಅದರ ಬಲಗಡೆಯ ಅಂಚು ಅಡುಗೆಮನೆಯ ಕತ್ತರಿಯದು, ಸ್ವಲ್ಪ ಸೊಟ್ಟ.

"ನೀ ಕತ್ತರಿಸಿ ತಂದು ಗ್ವಾಡಿಗಿ ಹಾಕ್ದಿ. ಹಾಕಿದ ಮ್ಯಾಲ ನಾ ಯಾಕ ಬಾಯಿ ಬಿಡ್ಲಿ?" ಎಂದು ಚಹಾದ ಕಪ್ಪು ಎತ್ತಿಕೊಂಡರು.

ನಾನು ಎದ್ದು ಒಳಗೆ ಹೋಗಿ ಕಪಾಟು ತೆರೆದೆ. ನೆಗೆಟಿವ್ ಇನ್ನೂ ಅಲ್ಲೇ ಇತ್ತು, ಕೈ ಸಮೇತ. ಬರುವ ಸೋಮವಾರ ಪೇಟೆಗೆ ಹೋಗಿ ಪೂರಾ ಚಿತ್ರದ ಅಚ್ಚು ಹಾಕಿಸಿಕೊಂಡು ಬರುತ್ತೇನೆ.